ಬರಣಿಯ ಬಾಯಿಗೆ ನನ್ನ ಟವೆಲ್ಲು

ನಮ್ಮ ಮನೆಯ ಬಾಗಿಲ ಹಿಂದಿನ ಮೊಳೆಗೆ ಒಂದು ಟವೆಲ್ಲು ತೂಗುತ್ತಿದೆ. ಕೊಂಡಾಗ ಬಿಳಿ ಇತ್ತು. ಈಗ ನಟ್ಟನಡುವೆ ಸಣ್ಣ ರೊಟ್ಟಿಯಷ್ಟು ಅಗಲದ ಒಂದು ಕರಿ ಗುರುತು ಇದೆ. ಮನೆಗೆ ಬಂದವರು ಮೊದಲು ಗೋಡೆಯ ಮೇಲಿನ ಬುದ್ಧನ ಫೋಟೋ ನೋಡುತ್ತಾರೆ, ಆಮೇಲೆ ಈ ಟವೆಲ್ಲು ನೋಡುತ್ತಾರೆ, ಆಮೇಲೆ ನನ್ನ ಹೆಂಡತಿ ಈರಮ್ಮನ ಮುಖ ನೋಡುತ್ತಾರೆ. ಅವಳಿಗೆ ಸಿಟ್ಟು ಬರುವುದು ಅಲ್ಲಿಯೇ.

“ಬಂದ ಮಂದಿ ನನಗ ಹೊಲಸಾಕಿ ಅಂತಾರ. ಅದೇನ್ ಮೊಹರಮ್ಮಿನ ಪೀರಲ ದೇವರಿಗೆ ಏರಿಸಿದ ವಸ್ತ್ರ ಏನು, ನೀರಿಗೆ ಹಾಕಬಾರದು ಅನ್ನಾಕ?” ಎನ್ನುತ್ತಾಳೆ.

ಈ ಟವೆಲ್ಲಿಗೂ ನನ್ನ ಮೊಮ್ಮಗಳು ಸುಜಾತಾಳ ಎಂಎಸ್ಸಿಗೂ ಸಂಬಂಧವಿದೆ ಎಂದು ಅವಳಿಗೂ ಗೊತ್ತು. ಹೇಳಬೇಕಾದವರಿಗೆಲ್ಲ ನಾನು ಹೇಳಿ ಆಗಿದೆ. ನೀವೊಬ್ಬರು ಉಳಿದಿದ್ದೀರಿ.

ಮೊದಲು ನಮ್ಮವ್ವನ ಮಾತು ಹೇಳಬೇಕು. ಇಲ್ಲದಿದ್ದರೆ ಮುದುಕನಿಗೆ ತಲೆ ಕೆಟ್ಟಿತ್ತು ಎಂದು ನೀವು ಸುಲಭವಾಗಿ ಅಂದುಬಿಡುತ್ತೀರಿ. ನಮ್ಮದು ಮೂಲದಲ್ಲಿ ಮಲ್ಲಟ. ಆಗ ಅಲ್ಲಿಯ ಬಾವಿಯಲ್ಲಿ ನಮ್ಮ ಮಂದಿ ಕೈಯಾರೆ ನೀರು ಸೇದುವ ಹಾಗಿರಲಿಲ್ಲ. ಯಾರಾದರೂ ಸೇದಿ, ಮೇಲಿನಿಂದ ನಮ್ಮ ಕೊಡಕ್ಕೆ ಸುರಿದಷ್ಟೇ ನಮ್ಮ ನೀರು. ಅವ್ವ ಬಿಸಿಲಲ್ಲಿ ನಿಂತು, ಕಾದು, ಬೇಡಿಕೊಂಡು ತಂದ ನೀರು ಅದು. ಅಂಥ ನೀರಿಗೆ ಒಂದು ಹುಳ ಬಿದ್ದರೂ ಚೆಲ್ಲಬೇಕು, ಚೆಲ್ಲಿದರೆ ಮತ್ತೆ ಹೋಗಿ ನಿಲ್ಲಬೇಕು. ಹಾಗಾಗಿ ನಮ್ಮ ಗುಡಿಸಲಲ್ಲಿ ಬಾಯಿ ತೆರೆದ ಪಾತ್ರೆ ಎಂಬುದೇ ಇರಲಿಲ್ಲ. ಕೊಡಕ್ಕೆ ಒದ್ದೆ ಬಟ್ಟೆ, ಹಿಟ್ಟಿನ ಡಬ್ಬಿಗೆ ತಾಟು, ಉಪ್ಪಿನ ಗಡಿಗೆಗೆ ಹಂಚಿನ ಚೂರು. ಬೇಸಿಗೆಯಲ್ಲಿ ಸುಂಟರಗಾಳಿ ಬಂದರೆ ನಮ್ಮನ್ನೂ ಸಾಲಾಗಿ ಕೂರಿಸಿ ಮೇಲೆ ಒಂದು ಕೌದಿ ಹಾಕಿಬಿಡುತ್ತಿದ್ದಳು. ಗಾಳಿ ನಿಂತ ಮೇಲೆ ನೀರಿನ ಕೊಡದ ಬಟ್ಟೆ ಮೊದಲು ತೆಗೆದು ನೋಡುತ್ತಿದ್ದಳು, ನಮ್ಮ ಕೌದಿ ಆಮೇಲೆ.

ದೀಪ ಹಚ್ಚುವ ಹೊತ್ತಿಗೆ ಮನೆಯೆಲ್ಲ ಒಂದು ಸುತ್ತು ಬಂದು ಏನೇನು ತೆರೆದಿದೆ ಎಂದು ನೋಡಿ ಮುಚ್ಚುವುದು ನನ್ನ ಕೆಲಸವಾಗಿತ್ತು. ಸಣ್ಣಂದಿನಲ್ಲಿ ಬಂದ ಚಟ ಬಿಡುವುದಿಲ್ಲ. ಬೀಡಿ ಬಿಟ್ಟೆ, ಎಲೆಅಡಿಕೆ ಬಿಟ್ಟೆ, ಇದು ಬಿಡಲಿಲ್ಲ. ಇವತ್ತಿಗೂ ಹೋಟೆಲಿನಲ್ಲಿ ಚಹಾ ಬಂದರೆ ಗ್ಲಾಸಿನ ಮೇಲೆ ಅಂಗೈ ಇಟ್ಟುಕೊಂಡು ಕೂಡುತ್ತೇನೆ. ನೋಡಿದವರು ಚಳಿ ಕಾಯಿಸುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಮಾನ್ವಿಯ ಬೇಸಿಗೆಯಲ್ಲಿ.

ನನಗೆ ಕನ್ಯೆ ನೋಡಲು ಹಿರೇಕೊಟ್ನೆಕಲ್‌ಗೆ ಹೋದಾಗಲೂ ಅವ್ವ ಹುಡುಗಿಯ ಮುಖ ನೋಡಲಿಲ್ಲ. ಒಳಗೆ ಹೋಗಿ ಕೊಡ ನೋಡಿ ಬಂದಳು. ಅವ್ವನ ಈ ಪದ್ಧತಿಯ ಸುದ್ದಿ ಮೊದಲೇ ಯಾರೋ ಅವರಿಗೆ ಮುಟ್ಟಿಸಿದ್ದರು ಕಾಣುತ್ತದೆ. ಕೊಡ ಅಷ್ಟೇ ಅಲ್ಲ, ನಮ್ಮ ಮುಂದೆ ಬಂದ ಚಹಾದ ಕಪ್ಪುಗಳ ಮೇಲೂ ಒಂದೊಂದು ಬಸಿ ಮುಚ್ಚಿತ್ತು. ಮುಚ್ಚಿದ ಬಸಿಯಲ್ಲೇ ಚಹಾ ಸುರಿದುಕೊಂಡು ಕುಡಿಯಬೇಕೋ, ಬಸಿಯ ಬೆವರು ಎಲ್ಲಿ ಒರೆಸಬೇಕೋ ಎಂದು ತಿಳಿಯದೆ ನಾನು ಒದ್ದಾಡುವಾಗ, ಬಾಗಿಲ ಸಂದಿಯಲ್ಲಿ ಒಬ್ಬಳು ನಕ್ಕಳು. ಅವಳೇ ಈರಮ್ಮ. ಮದುವೆಯಾದ ಮರುದಿನದಿಂದ ಅವಳು ಒಂದು ಡಬ್ಬಿಯನ್ನೂ ನೆಟ್ಟಗೆ ಮುಚ್ಚಿಲ್ಲ. ಮುಚ್ಚುವುದಕ್ಕೆ ನಾನಿದ್ದೇನಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ನಮ್ಮ ಓಣಿಯಲ್ಲಿ ಅಲ್ಲಿಯವರೆಗೆ ಹೋದವನು ಆಗ ನಾನೊಬ್ಬನೇ. ಹೋಗಿ, ಸೀದಾ ಮಾನ್ವಿಗೆ ಬಂದು ಅಕ್ಕಿ ಮಿಲ್ಲಿನ ಬಾಯ್ಲರ್ ಮುಂದೆ ನಿಂತೆ. ಭತ್ತ ಕುದಿಸುವ ಉಗಿಗೆ ಬೆಂಕಿ ಬೇಕು, ಬೆಂಕಿಗೆ ಭತ್ತದ ಹೊಟ್ಟು ಬೇಕು, ಹೊಟ್ಟು ತುಂಬಲು ನಾನು ಬೇಕು. ಸಾವ್ಕಾರ ಶರಣಪ್ಪನವರು ಒಳ್ಳೆಯವರು, ಹಣೆತುಂಬ ವಿಭೂತಿ, ಬಾಯಿತುಂಬ ಮಾತು. ನನ್ನ ಮಗ ಸಾಲಿ ಮಾಸ್ತರನಾಗಿದ್ದು, ಮಗಳು ಶಾಂತಮ್ಮ ದೇವದುರ್ಗದಲ್ಲಿ ನರ್ಸಾಗಿದ್ದು, ಎಲ್ಲ ಆ ಹೊಟ್ಟಿನ ಬೆಂಕಿಯ ಮೇಲೆಯೇ. ಮಿಲ್ಲಿನ ಹಿಂದೆಯೇ ಜಾಗ ತೆಗೆದುಕೊಂಡು ಮನೆ ಕಟ್ಟಿದೆ. ಮಾಳಿಗೆ ಹತ್ತಿ ನಿಂತರೆ ಚಿಮಣಿ ಎದುರಿಗೇ.

ಚಿಮಣಿ ಎಂದ ಮೇಲೆ ಬೂದಿ ಇರಲೇಬೇಕು. ಓಣಿಯ ಹೆಂಗಸರು ಒಗೆದು ಹಾಕಿದ ಸೀರೆಗಳ ಮೇಲೆ ಕರಿ ಎಳ್ಳು ಚೆಲ್ಲಿದಂತೆ ಬೀಳುತ್ತಿತ್ತು. ಅವರು ಸಾವ್ಕಾರರ ಹತ್ತಿರ ಹೋಗುತ್ತಿರಲಿಲ್ಲ. ನನ್ನ ಹತ್ತಿರ ಬರುತ್ತಿದ್ದರು. ಪಕ್ಕದ ಮನೆಯ ಹುಲಿಗೆಮ್ಮ ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಿದ್ದಳು.

“ಹುಸೇನಪ್ಪಣ್ಣ, ನಿನ್ನ ಬೂದಿ ನೋಡು ನನ್ನ ಸೀರಿ ಮ್ಯಾಲ. ಏನ್ ಮಾಡ್ತಿ ಹೇಳು.”

ಮಿಲ್ಲಿನಲ್ಲಿ ನನ್ನದು ಎನ್ನುವಂಥದ್ದು ಒಂದು ಸಲಿಕೆ ಸಹ ಇರಲಿಲ್ಲ. ಓಣಿಯಲ್ಲಿ ಮಾತ್ರ ಬೂದಿಯೆಲ್ಲ ನನ್ನದೇ. ಕೇಳಿ ಕೇಳಿ ನನಗೂ ಹಾಗೇ ಅನಿಸಲು ಸುರುವಾಯಿತು. ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮೇಲೂ, ಜೋರು ಬೂದಿ ಬಿದ್ದ ದಿನ ನಾನು ಓಣಿಯಲ್ಲಿ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದೆ.

ಇಂಥ ಮನೆಗೆ ನನ್ನ ಮಗನ ಮಗಳು ಸುಜಾತಾ ಎಂಎಸ್ಸಿ ತಂದಳು. ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಪರಿಸರ ವಿಜ್ಞಾನ ಓದುತ್ತಾಳೆ. ಹಾಗೆಂದರೇನು ಎಂದು ಚಹಾದಂಗಡಿಯಲ್ಲಿ ಎಲ್ಲರೂ ನನ್ನನ್ನು ಕೇಳಿದರು.

“ಗಿಡ ಹಚ್ಚೋದೇನು?”

“ಗಿಡಾನೂ ಬರ್ತದ,” ಎಂದೆ.

“ಗಿಡ ಹಚ್ಚಾಕ ಎಂಎಸ್ಸಿ ಯಾಕ ಬೇಕೋ ಮಾರಾಯ? ನಮ್ಮಪ್ಪ ಹೆಬ್ಬೆಟ್ಟು ಒತ್ತಾಂವ, ಬೇವಿನ ಗಿಡ ಹಚ್ಚಿದ್ದ.”

“ಗಿಡ, ನೀರು, ಗಾಳಿ, ಎಲ್ಲಾ ಬರ್ತದ. ಮುಂದ ದೊಡ್ಡ ಆಫೀಸರ್ ಆಗ್ತಾಳ,” ಎಂದೆ. ಯಾವ ಆಫೀಸು ಎಂದು ಅವರು ಕೇಳಲಿಲ್ಲ, ಪುಣ್ಯ. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗಟ್ಟಿ ದನಿಯಲ್ಲಿ ಹೇಳುವುದರಲ್ಲಿ ನನಗೆ ಮೊದಲಿನಿಂದಲೂ ಒಂದು ಕೈ ಹೆಚ್ಚು.

ಕೊನೆಯ ವರ್ಷ ಅವಳು ಒಂದು ವಿಷಯ ಹಿಡಿದು ಸ್ವತಃ ಅಳೆದು ಬರೆದು ಕೊಡಬೇಕಾಗಿತ್ತು. ಅದಕ್ಕೆ ಪ್ರಬಂಧ ಎನ್ನುತ್ತಾರಂತೆ. ಅದಾಗದಿದ್ದರೆ ಡಿಗ್ರಿ ಇಲ್ಲ. ಅವಳು ಹಿಡಿದದ್ದು ಆಕಾಶದಿಂದ ಬೀಳುವ ಧೂಳು. ಅಗಲ ಬಾಯಿಯ ಬರಣಿಯಲ್ಲಿ ಶುದ್ಧ ನೀರು ಹಾಕಿ ಮಾಳಿಗೆಯ ಮೇಲೆ ಒಂದು ತಿಂಗಳು ಇಡುವುದು, ಅದರಲ್ಲಿ ಬಿದ್ದ ಧೂಳನ್ನು ಒಣಗಿಸಿ ತೂಗುವುದು. ಒಂದು ಬರಣಿ ರಾಯಚೂರಿನಲ್ಲಿ ಅವಳ ಹಾಸ್ಟೆಲಿನ ಮೇಲೆ, ಒಂದು ದೇವದುರ್ಗದಲ್ಲಿ ಅವಳ ಅತ್ತೆ ಶಾಂತಮ್ಮನ ಮನೆಯ ಮೇಲೆ, ಒಂದು ನಮ್ಮ ಮಾಳಿಗೆಯ ಮೇಲೆ. ಸುಗ್ಗಿ ಮುಗಿದು ಮಿಲ್ಲುಗಳು ಹಗಲೂ ರಾತ್ರಿ ಓಡುವ ಕಾಲ ನೋಡಿಯೇ ಬಂದಳು. ಕಟ್ಟಿಗೆಯ ಸ್ಟ್ಯಾಂಡಿನ ಮೇಲೆ ಬರಣಿ ಕೂರಿಸಿ, ಹಕ್ಕಿ ಕೂಡದಂತೆ ಸುತ್ತ ತಂತಿ ಕಟ್ಟಿದಳು.

“ತಾತಾ, ಇದರ ಬಾಯಿ ತೆರದೇ ಇರಬೇಕು. ನೀ ಏನೂ ಮಾಡಬ್ಯಾಡ. ಅದೇ ನೀ ಮಾಡೋ ಸಹಾಯ.”

“ಹೂಂ,” ಎಂದೆ. ವಯಸ್ಸಾದ ಮೇಲೆ ಹೂಂ ಎನ್ನುವುದು ಉಸಿರಾಡಿದಷ್ಟೇ ಸಲೀಸು.

ಅವಳು ಬಸ್ಸು ಹತ್ತಿ ಹೋದಳು. ದೀಪ ಹಚ್ಚುವ ಹೊತ್ತಾಯಿತು. ಒಣಗಿದ ಮೆಣಸಿನಕಾಯಿ ಎತ್ತಿಕೊಂಡು ಬರಲು ಮಾಳಿಗೆ ಹತ್ತಿದೆ. ಅಲ್ಲಿ ಒಂದು ಬರಣಿ ತುಂಬ ತಿಳಿನೀರು, ಆಕಾಶಕ್ಕೆ ಬಾಯಿ ತೆರೆದು ಕುಳಿತಿದೆ. ಮುಂದೆ ನಾನು ಏನು ಮಾಡಿದೆ ಎಂದು ನನಗೆ ನಿಜವಾಗಿ ನೆನಪಿಲ್ಲ. ಹೆಗಲ ಮೇಲಿನ ಟವೆಲ್ಲು ತೋಯಿಸಿ ಹಿಂಡಿ, ಬರಣಿಯ ಬಾಯಿಗೆ ಕಟ್ಟಿ, ಗಂಟು ಹಾಕಿ, ಕೆಳಗಿಳಿದು ಬಂದು ಊಟ ಮಾಡಿ ಮಲಗಿದ್ದೇನೆ.

ಬೆಳಿಗ್ಗೆ ಎದ್ದು ಮುಖ ತೊಳೆಯುವಾಗ ಒರೆಸಿಕೊಳ್ಳಲು ಟವೆಲ್ಲು ಹುಡುಕಿದಾಗಲೇ ಬರಣಿ ನೆನಪಾಯಿತು. ಓಡಿ ಹತ್ತಿದೆ. ಒದ್ದೆ ಬಟ್ಟೆಯ ಮೇಲೆ ಬೂದಿ ಹತ್ತಿಕೊಂಡಿತ್ತು. ಒಂದು ರಾತ್ರಿಯ ಬೂದಿ. ಬೆರಳಿನಿಂದ ಗೆರೆ ಎಳೆದರೆ ಗೆರೆ ಮೂಡುವಷ್ಟು.

ಅಷ್ಟಕ್ಕೇ ನಿಲ್ಲಿಸಿದ್ದರೆ ಇದು ಒಬ್ಬ ಮುದುಕನ ಮರೆವು ಅಂದು ಹೋಗುತ್ತಿತ್ತು. ಫೋನು ಮಾಡಿ ಹೇಳಬಹುದಿತ್ತು. ನಾನು ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡೆ. ಸಂಜೆ ಮತ್ತೆ ಹತ್ತಿದೆ, ಮತ್ತೆ ಕಟ್ಟಿದೆ. ಆ ಸಂಜೆ ಕಟ್ಟಿದ್ದು ಚಟಕ್ಕೆ ಅಲ್ಲ. ಈ ಬೂದಿಯನ್ನು ಇಡೀ ಓಣಿ ನೋಡಿದೆ, ಬೈದಿದೆ. ಅದನ್ನು ನನ್ನ ಮೊಮ್ಮಗಳು ರಾಯಚೂರಿಗೆ ಒಯ್ದು, ತಕ್ಕಡಿಯಲ್ಲಿ ಹಾಕಿ, ದೊಡ್ಡ ಮಂದಿಯ ಮುಂದೆ ನಿಂತು ಇಷ್ಟು ಎಂದು ಹೇಳುವುದು ನನಗೆ ಬೇಡವಾಗಿತ್ತು. ಅವಳು ತೂಗುವುದು ಸಾವ್ಕಾರರ ಬೂದಿ ಎಂದು ನನಗೆ ಹೊಳೆಯಲೇ ಇಲ್ಲ. ನನ್ನದನ್ನೇ ತೂಗುತ್ತಾಳೆ ಅನಿಸಿತು. ತಿಂಗಳು ಪೂರ್ತಿ ಸಂಜೆ ಕಟ್ಟಿ ಬೆಳಿಗ್ಗೆ ಬಿಚ್ಚಿದೆ. ಬಾಯ್ಲರ್‌ನ ಬೂದಿ ಊದಿ ಹೊರಹಾಕುವುದು ರಾತ್ರಿ, ಹಗಲು ಬೀಳುವುದು ಅಷ್ಟಕ್ಕಷ್ಟೇ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಈರಮ್ಮ ಒಂದು ದಿನ ಕೇಳಿದಳು, “ದಿನಾ ಮಾಳಗಿ ಮ್ಯಾಲ ಏನ್ ಮಾಡಾಕತ್ತೀರಿ?” ಗಾಳಿಗೆ ಹೋಗುತ್ತೇನೆ ಎಂದೆ. ಅದರಲ್ಲಿ ಸುಳ್ಳೇನಿರಲಿಲ್ಲ ಎಂದು ಆಗ ಸಮಾಧಾನ ಮಾಡಿಕೊಂಡೆ.

ಸುಜಾತಾ ಬಂದು ಬರಣಿಗಳನ್ನು ಒಯ್ದಳು. ತೂಕವಾಯಿತು. ರಾಯಚೂರು ಎಲ್ಲಕ್ಕಿಂತ ಹೆಚ್ಚು, ಆಮೇಲೆ ದೇವದುರ್ಗ. ಅಕ್ಕಿ ಮಿಲ್ಲಿನ ಬೆನ್ನಿಗಿರುವ ನಮ್ಮ ಮಾಳಿಗೆ ಎಲ್ಲಕ್ಕಿಂತ ಸ್ವಚ್ಛ.

ಮೊದಲು ಫೋನು ಬಂದದ್ದು ದೇವದುರ್ಗದಿಂದ. ಮಗಳು ಶಾಂತಮ್ಮ ನರ್ಸು, ಅವಳ ಮನೆಯಲ್ಲಿ ಚಪ್ಪಲಿ ಸಹ ತೊಳೆದು ಇಡುತ್ತಾರೆ.

“ಯಪ್ಪಾ, ನಿಮ್ಮ ಮೊಮ್ಮಗಳಿಗಿ ಹೇಳು. ಮಿಲ್ಲಿನ ಹಿಂದಿನ ಮನಿಕಿಂತ ನಮ್ಮ ಮನಿ ಹೊಲಸಂತ. ನಾ ದಿನಾ ಎರಡು ಸಲ ಮಾಳಗಿ ಕಸ ಹೊಡಿತೀನಿ.”

“ಅದು ಗಾಳಿ ಲೆಕ್ಕ ಬೇ, ಮನಿ ಲೆಕ್ಕ ಅಲ್ಲ,” ಎಂದೆ.

“ಮಂದಿಗಿ ಏನ್ ಗೊತ್ತಾಗ್ತದ ಗಾಳಿ ಲೆಕ್ಕ? ನಮ್ಮನ್ಯಾಗ ಗಾಳಿನೂ ನಾ ಕಸ ಹೊಡಿಬೇಕೇನು ಹಂಗಾರ?”

ಅವಳು ಅವತ್ತಿನಿಂದ ಮಾಳಿಗೆಯ ಜೊತೆಗೆ ಮನೆ ಮುಂದಿನ ರಸ್ತೆಗೂ ನೀರು ಹೊಡೆಯಲು ಸುರುಮಾಡಿದಳಂತೆ. ಪಕ್ಕದ ಮನೆಯವರು ಏನೋ ಹಬ್ಬ ಇರಬೇಕೆಂದು ತಾವೂ ಹೊಡೆದರಂತೆ. ಅಲ್ಲಿಯವರೆಗೆ ನನಗೆ ನಗು ಬರುತ್ತಿತ್ತು.

ನಗು ನಿಂತದ್ದು ಚಹಾದಂಗಡಿಯಲ್ಲಿ, ಅದೂ ನನ್ನ ಬಾಯಿಂದಲೇ. ನಮ್ಮ ಮಾಳಿಗೆಯೇ ಸ್ವಚ್ಛ ಎಂದು ಮೊಮ್ಮಗಳ ಎಂಎಸ್ಸಿ ಹೇಳುತ್ತದೆ ಎಂದು ನಾನು ಜಂಬ ಕೊಚ್ಚಿಕೊಂಡಿದ್ದೆ. ಯಾಕೆ ಹೇಳಿದೆ ಎಂದು ಕೇಳಬೇಡಿ. ಕಳ್ಳತನ ಮಾಡಿದ ಮಾಲನ್ನು ಮಂದಿಗೆ ತೋರಿಸಿ ಹೇಗಿದೆ ಎಂದು ಕೇಳುವ ಹುಚ್ಚು ಕೆಲವರಿಗಿರುತ್ತದೆ. ಮಾತು ಮಿಲ್ಲಿಗೆ ಮುಟ್ಟಿತು. ಸಾವ್ಕಾರರು ಹೇಳಿ ಕಳಿಸಿದರು. ಹೋದರೆ ಕುರ್ಚಿ ಹಾಕಿಸಿದರು. ಬಾಯ್ಲರ್ ಮುಂದೆ ಅಷ್ಟು ವರ್ಷ ನಿಂತವನಿಗೆ ಆ ಕುರ್ಚಿಯಲ್ಲಿ ಹೇಗೆ ಕೂಡಬೇಕೋ ತಿಳಿಯಲಿಲ್ಲ.

“ಹುಸೇನಪ್ಪ, ನಿನ್ನ ಮೊಮ್ಮಗಳು ಭಾರಿ ಕೆಲಸ ಮಾಡ್ಯಾಳ ನೋಡು. ನಿಮ್ಮ ಓಣಿ ಹೆಣ್ಣಮಕ್ಕಳು ಪುರಸಭೆಗಿ ಅರ್ಜಿ ಕೊಟ್ಟಾರ, ನಮ್ಮ ಬೂದಿಗಿ ಮಕ್ಕಳಿಗಿ ಕೆಮ್ಮು ಬಂದದ ಅಂತ. ಆ ಹುಲಿಗೆಮ್ಮ ಮುಂದ ನಿಂತಾಳ. ನಾ ಏನ್ ಹೇಳೂದದ ಇನ್ನ? ಅದೇ ಓಣಿ ಹುಡುಗಿ, ಎಂಎಸ್ಸಿ, ಅಳದು ಹೇಳ್ಯಾಳ. ಒಂದು ಕಾಪಿ ಕೊಡಾಕ ಹೇಳು. ಗಾಜಿನ ಕಟ್ಟು ಹಾಕಿಸಿ ಆಫೀಸಿನ್ಯಾಗ ಹಾಕ್ತೀನಿ.”

ಚಹಾ ತರಿಸಿದರು. ಗ್ಲಾಸಿನ ಮೇಲೆ ಅಂಗೈ ಇಟ್ಟುಕೊಂಡೆ. ಅವತ್ತು ಆ ಅಂಗೈ ನನಗೆ ಬೇರೆಯಾಗಿ ಕಂಡಿತು. ಹುಲಿಗೆಮ್ಮನ ಮೊಮ್ಮಗನ ಕೆಮ್ಮು ನನಗೆ ಹೊಸದಲ್ಲ. ಗೋಡೆಯಾಚೆಯಿಂದ ದಿನವೂ ಕೇಳುತ್ತೇನೆ. ನನ್ನ ಕೆಮ್ಮಿಗೆ ಅದು ಉತ್ತರ ಕೊಟ್ಟಂತೆ ಇರುತ್ತದೆ. ನಾನು ಬೀಡಿಯದು ಎನ್ನುತ್ತೇನೆ. ಆ ಕೂಸು ಯಾವ ಬೀಡಿ ಸೇದಿತ್ತು?

ಮನೆಗೆ ಬಂದು ಸುಜಾತಾಳಿಗೆ ಫೋನು ಮಾಡಿದೆ. ಅವಳ ದನಿಯೇ ಸಣ್ಣದಾಗಿತ್ತು.

“ತಾತಾ, ನಮ್ಮ ಮೇಡಂ ಒಪ್ಪವಲ್ಲರು. ಮಿಲ್ಲಿನ ಬಾಜೂಕ ಹಿಂಗ ಬರಾಕ ಸಾಧ್ಯ ಇಲ್ಲ, ನೀ ಹಾಸ್ಟೆಲಿನ್ಯಾಗ ಕುಂತು ಅಂಕಿ ಬರದೀಯೇನು ಅಂತ ಕೇಳಿದ್ರು. ಎಲ್ಲರ ಮುಂದ. ನಾ ಏನ್ ತಪ್ಪು ಮಾಡೀನಿ ಅಂತ ತಿಳಿವಲ್ದು.”

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಕೆಮ್ಮು ಬಂತು. ಫೋನು ಇಟ್ಟೆ.

ಮರುದಿನ ಟವೆಲ್ಲನ್ನು ಕೈಚೀಲದಲ್ಲಿ ಹಾಕಿಕೊಂಡು ರಾಯಚೂರಿನ ಬಸ್ಸು ಹತ್ತಿದೆ. ಹೀಗೆ ಹೇಳೋಣ, ಹಾಗೆ ಹೇಳೋಣ ಎಂದು ನೀರಮಾನ್ವಿ ದಾಟುವವರೆಗೂ ಮನಸ್ಸಿನಲ್ಲೇ ತಾಲೀಮು ಮಾಡಿದೆ. ಒಂದು ತಾಲೀಮಿನಲ್ಲಿ ಮಂಗ ಬಂದು ಬರಣಿ ಮುಚ್ಚಿತ್ತು. ಇನ್ನೊಂದರಲ್ಲಿ ಟವೆಲ್ಲು ಗಾಳಿಗೆ ತಾನೇ ಹಾರಿ ಕೂತು ತಾನೇ ಗಂಟು ಹಾಕಿಕೊಂಡಿತ್ತು. ರಾಯಚೂರು ಬರುವಷ್ಟರಲ್ಲಿ ಸುಳ್ಳುಗಳೆಲ್ಲ ಖಾಲಿಯಾಗಿದ್ದವು.

ಅವರ ವಿಭಾಗದ ಗೇಟಿನ ವಾಚ್‌ಮನ್ ಚೀಲದಲ್ಲಿ ಏನಿದೆ ಎಂದು ಕೇಳಿದ. ಟವೆಲ್ಲು ಎಂದೆ. ಈಜಾಡುವ ಜಾಗ ಇದಲ್ಲ ಯಜಮಾನ್ರೇ ಎಂದು ನಕ್ಕು ಬಿಟ್ಟ. ಸುಜಾತಾ ಬಿಳಿ ಕೋಟು ಹಾಕಿಕೊಂಡು ಓಡಿ ಬಂದಳು. ಡಾಕ್ಟರಮ್ಮನ ಹಾಗೆ ಕಂಡಳು. ಊರಲ್ಲಿ ಯಾರಿಗೋ ಏನೋ ಆಗಿದೆ ಅಂದುಕೊಂಡು ಅವಳ ಮುಖ ಬಿಳಿಚಿಕೊಂಡಿತ್ತು.

“ಯಾರಿಗೂ ಏನೂ ಆಗಿಲ್ಲವ್ವ. ನಿನ್ನ ಅಂಕಿ ನೀ ತಪ್ಪು ಬರದಿಲ್ಲ. ನಾ ಬರದೀನಿ,” ಎಂದು ಟವೆಲ್ಲು ಬಿಡಿಸಿ ಅವಳ ಕೈಯಲ್ಲಿಟ್ಟೆ. ಎಲ್ಲ ಹೇಳಿದೆ. ಮೊದಲ ಸಂಜೆಯದು ಚಟ, ಉಳಿದ ಸಂಜೆಗಳದು ಬೇಕೆಂದೇ, ಅದನ್ನೂ ಹೇಳಿದೆ.

ಅವಳು ಟವೆಲ್ಲಿನ ಗುರುತಿನ ಮೇಲೆ ಬೆರಳಾಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

“ಒಂದು ತಿಂಗಳು ಹೋತು ತಾತಾ,” ಎಂದಳು. “ನಾ ನಿನ್ನ ಮಾಳಗಿ ಯಾಕ ಆರಿಸೀನಿ ಗೊತ್ತದೇನು? ಉಳಿದವರ ಮನಿ ಮ್ಯಾಲ ಇಟ್ರ ಯಾರರೆ ಕೈ ಹಾಕ್ತಾರ, ನಮ್ಮ ತಾತನ ಮನ್ಯಾಗ ಯಾರೂ ಮುಟ್ಟಲ್ಲ ಅಂತ ಮೇಡಂಗ ಹೇಳಿದ್ದೆ.”

ಮೇಡಂ ಮುಂದೆಯೂ ಹೋಗಿ ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನೂ ಟವೆಲ್ಲನ್ನೂ ನೋಡಿದರು. ನಗಬೇಕೋ ಸಿಟ್ಟಾಗಬೇಕೋ ಎಂದು ಅವರಿಗೂ ತಿಳಿಯಲಿಲ್ಲ ಕಾಣುತ್ತದೆ. ಟವೆಲ್ಲನ್ನೇ ತೊಳೆದು ಆ ನೀರು ಒಣಗಿಸಿ ತೂಗಿದರೆ ನಡೆಯುತ್ತದೆಯೇ ಎಂದು ನಾನು ಕೇಳಿದೆ. ಆಗ ನಕ್ಕರು. ಬೂದಿಯ ಜೊತೆ ನಿಮ್ಮ ಬೆವರೂ ಬರುತ್ತದೆ, ಅದರ ಲೆಕ್ಕ ನಮಗೆ ಬೇಡ ಎಂದರು. ಮಿಲ್ಲುಗಳು ಇನ್ನೂ ಓಡುತ್ತಿವೆ, ಮೂರೂ ಕಡೆ ಮತ್ತೊಂದು ತಿಂಗಳು ಇಡು ಎಂದು ಸುಜಾತಾಳಿಗೆ ಹೇಳಿದರು. ಅವಳು ಇದ್ದ ರಜೆಯನ್ನೆಲ್ಲ ಅದಕ್ಕೇ ಸುರಿದಳು.

ಆ ಎರಡನೆಯ ತಿಂಗಳು ನಾನು ಪಟ್ಟ ಪಾಡು ಯಾರಿಗೂ ಬೇಡ. ದೀಪ ಹಚ್ಚುವ ಹೊತ್ತಿಗೆ ಕೈ ತಾನೇ ಹೆಗಲಿಗೆ ಹೋಗುತ್ತಿತ್ತು. ಈರಮ್ಮ ಮನೆಯಲ್ಲಿದ್ದ ಟವೆಲ್ಲುಗಳನ್ನೆಲ್ಲ ಪೆಟ್ಟಿಗೆಯಲ್ಲಿ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮುಖ ಒರೆಸಲು ಅವಳ ಸೆರಗೇ ಗತಿಯಾಯಿತು. ಈ ವಯಸ್ಸಿನಲ್ಲಿ. ಓಣಿಯವರು ನೋಡಿ ನಕ್ಕರು. ಮಾಳಿಗೆ ಹತ್ತಿ ಬರಣಿಯ ಎದುರು ಕೈಕಟ್ಟಿ ಕೂಡುತ್ತಿದ್ದೆ. ನೀರು ದಿನದಿನಕ್ಕೆ ಕಪ್ಪಾಯಿತು. ತಿಂಗಳ ಕೊನೆಗೆ ಸುಜಾತಾ ಬಂದು ಬರಣಿ ಎತ್ತಿದಾಗ ತಳ ಕಾಣುತ್ತಿರಲಿಲ್ಲ. ಹುಲಿಗೆಮ್ಮ ತನ್ನ ಮಾಳಿಗೆಯಿಂದಲೇ ಕೂಗಿದಳು.

“ಹುಸೇನಪ್ಪಣ್ಣ, ಏನದು, ಕಾಡಿಗಿ ಮಾಡೀಯೇನು?”

“ನಮ್ಮ ಬೂದಿ ಬೇ ತಂಗಿ,” ಎಂದೆ. “ತೂಗಾಕ ಒಯ್ಯಾಕತ್ತಾರ.”

ಇನ್ನು ಉಳಿದವರು ಸಾವ್ಕಾರರು. ಅವರ ಹತ್ತಿರವೂ ನಾನೇ ಹೋದೆ. ಕುರ್ಚಿ ಹಾಕಿಸಿದರು, ನಾನು ಕೂಡಲಿಲ್ಲ. ಮೊದಲಿನ ಲೆಕ್ಕ ನನ್ನ ಟವೆಲ್ಲಿನದು, ಖರೆ ಲೆಕ್ಕ ಈಗ ಬಂದಿದೆ, ಮೂರು ಊರಿನಲ್ಲಿ ನಮ್ಮ ಬೂದಿಯೇ ಹೆಚ್ಚು ಎಂದೆ. ಅವರು ಮುಂದಿದ್ದ ಲೆಕ್ಕದ ಪುಸ್ತಕ ಮುಚ್ಚಿದರು. ಆಮೇಲೆ, “ಇಷ್ಟು ವರ್ಷ ನನ್ನ ಉಪ್ಪು ಉಂಡು ಹಿಂಗ ಮಾತಾಡ್ತಿಯಲ್ಲೋ ಹುಸೇನಪ್ಪ,” ಎಂದರು.

“ಉಪ್ಪಿನ ಜೋಡಿ ಬೂದಿನೂ ಉಂಡೀನಲ್ರೀ ಸಾವ್ಕಾರ್ರ,” ಎಂದುಬಿಟ್ಟೆ. ಅವರು ತಮ್ಮ ಬಿಳಿ ಧೋತರದ ಮೇಲಿದ್ದ ಒಂದು ಕರಿ ಕಣವನ್ನು ಉಗುರಿನಿಂದ ಹಾರಿಸಿದರು. ಹಾರಿಸಿದ್ದು ನೋಡಿದೆ ಎಂದು ಅವರಿಗೂ ಗೊತ್ತಾಯಿತು. ಮಾತು ಅಲ್ಲಿಗೇ ನಿಂತಿತು. ಗಾಜಿನ ಕಟ್ಟಿನ ಸುದ್ದಿ ಮತ್ತೆ ಬರಲಿಲ್ಲ. ಪುರಸಭೆಯಿಂದ ಯಾರೋ ಬಂದು ಚಿಮಣಿ ನೋಡಿ ಹೋಗಿದ್ದಾರೆ. ಏನಾಗುತ್ತದೋ ನೋಡಬೇಕು. ನನಗೆ ಮಿಲ್ಲಿನಿಂದ ಹಬ್ಬಕ್ಕೆ ಬರುತ್ತಿದ್ದ ನುಚ್ಚಕ್ಕಿ ಈ ಸಲ ಬರಲಿಲ್ಲ. ಈರಮ್ಮ ಅದಕ್ಕೂ ಟವೆಲ್ಲನ್ನೇ ಬೈದಳು.

ಸುಜಾತಾ ಪಾಸಾದಳು. ಪ್ರಬಂಧದಲ್ಲಿ ಮಾನ್ವಿಯ ಮೊದಲ ತಿಂಗಳ ಅಂಕಿ ಯಾಕೆ ಬಿಟ್ಟಿದ್ದೀರಿ ಎಂದು ಪರೀಕ್ಷೆ ಮಾಡುವವರು ಕೇಳಿದರಂತೆ. ಅದಕ್ಕೆ ಅವಳು ಪ್ರಬಂಧದಲ್ಲೇ ಇಂಗ್ಲಿಷಿನಲ್ಲಿ ಬರೆದಿದ್ದನ್ನು ನನಗೆ ಕನ್ನಡದಲ್ಲಿ ಹೇಳಿದಳು: ಸ್ಥಳೀಯ ಅಡಚಣೆಯ ಕಾರಣ. ಎಸ್ಸೆಸ್ಸೆಲ್ಸಿಗೆ ನಿಂತವನು ಹೀಗೆ ಎಂಎಸ್ಸಿ ಪುಸ್ತಕದೊಳಗೆ ಹೋಗಿ ಕೂತೆ. ಚಹಾದಂಗಡಿಯಲ್ಲಿ ಇದನ್ನು ಮಾತ್ರ ಹೇಳಿಲ್ಲ.

ಬರಣಿ ರಾಯಚೂರಿಗೆ ಹೋದ ಮೇಲೆ ಆ ಕಟ್ಟಿಗೆಯ ಸ್ಟ್ಯಾಂಡು ಇಲ್ಲಿಯೇ ಉಳಿಯಿತು. ಅದರ ಮೇಲೆ ಈರಮ್ಮ ಗುಬ್ಬಿಗಳಿಗೆ ಒಂದು ಮಣ್ಣಿನ ಬೋಗುಣಿಯಲ್ಲಿ ನೀರು ಇಡುತ್ತಾಳೆ. ಮುಚ್ಚಿದರೆ ಗುಬ್ಬಿ ಕುಡಿಯುವುದು ಹೇಗೆ, ತೆರೆದಿಟ್ಟರೆ ಬೂದಿ. ದೀಪ ಹಚ್ಚುವ ಹೊತ್ತಿಗೆ ನನ್ನ ಕೈ ಇವತ್ತಿಗೂ ತುರಿಸುತ್ತದೆ. ಬಾಗಿಲ ಹಿಂದಿನ ಮೊಳೆಯ ಕಡೆ ಒಮ್ಮೆ ನೋಡಿ ಸುಮ್ಮನಾಗುತ್ತೇನೆ. ಬೆಳಿಗ್ಗೆ ಎದ್ದು ಮಾಳಿಗೆ ಹತ್ತಿ, ಬೋಗುಣಿಯಲ್ಲಿ ಎಷ್ಟು ಕಪ್ಪು ಬಿದ್ದಿದೆ ಎಂದು ನೋಡಿ, ಚೆಲ್ಲಿ, ಹೊಸ ನೀರು ಹಾಕುತ್ತೇನೆ. ಗೋಡೆಯಾಚೆಯಿಂದ ಆ ಕೂಸು ಕೆಮ್ಮುತ್ತದೆ. ನಾನೂ ಕೆಮ್ಮುತ್ತೇನೆ. ಈಗ ಬೀಡಿಯದು ಎನ್ನುವುದಿಲ್ಲ.